ನಮಸ್ಕಾರ ಹಾಕುವ ಬೀಗಲ್

ಫೋನ್ ಬಂದಾಗ ನಾನು ಎಮ್ಮೆಯ ಹಾಗೆ ಕೆಮ್ಮುತ್ತಿದ್ದೆ.

ಗಂಡಸಿ ಎಂಬ ಊರಿನ ಕಡೆಯ ಒಂದು ಸಣ್ಣ ಪಶು ಆಸ್ಪತ್ರೆಗೆ ಡಾಕ್ಟರಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎಮ್ಮೆಯನ್ನು ಕೊಟ್ಟಿಗೆಯಲ್ಲೇ ಬಿಟ್ಟು, ಬರೀ ಬಾಯಲ್ಲಿ ರೋಗ ಹೇಳಿ ಔಷಧಿ ಕೇಳುವವರೇ ಅಲ್ಲಿ ಹೆಚ್ಚು. ಅವರ ಮುಂದೆ ನಾನೇ ಎಮ್ಮೆಯಾಗುತ್ತಿದ್ದೆ. “ಹಿಂಗೆ ಕೆಮ್ತೈತಾ, ಇಲ್ಲಾ ಹಿಂಗಾ?” ಅಂತ ಎರಡು ಥರ ಕೆಮ್ಮಿದರೆ, “ಎಲ್ಡನೇದು ಕಣ್ ಸಾ! ಥೇಟ್ ನಮ್ಮೆಮ್ಮೇನೇ!” ಅನ್ನುವರು. ಕಾಲೇಜಿನಲ್ಲಿ ಮೇಷ್ಟ್ರುಗಳನ್ನು ಅಣಕಿಸಿ ಕಲಿತ ವಿದ್ಯೆ ಅದು. ಅಲ್ಲಿ ಅದರಿಂದ ಬೈಗುಳ ಸಿಗುತ್ತಿತ್ತು, ಇಲ್ಲಿ ರೋಗ ಸಿಗುತ್ತಿತ್ತು.

ಫೋನಿನಲ್ಲಿದ್ದವರು ಅರಸೀಕೆರೆಯ ಒಬ್ಬ ಕೊಬ್ಬರಿ ಸಾಹುಕಾರರು. ಆ ಊರಿನ ಡಾಕ್ಟರು ತರಬೇತಿಗೆ ಹೋಗಿದ್ದರಿಂದ ಅರಸೀಕೆರೆಯೂ ಕೆಲವು ತಿಂಗಳು ನನ್ನ ತಲೆಗೇ ಬಿದ್ದಿತ್ತು. ಸಾಹುಕಾರರ ಬಾಯಲ್ಲಿ ಯಾವಾಗಲೂ ಎಲೆಅಡಿಕೆ. ಅವರನ್ನು ಅಣಕಿಸಬೇಕಾದರೆ ಕೆನ್ನೆಯೊಳಗೆ ಒಂದು ನಿಂಬೆಹಣ್ಣು ಇಟ್ಟುಕೊಂಡು ಮಾತಾಡಬೇಕು.

“ಡಾಕ್ಟ್ರೇ, ನಮ್ ಟೈಗರ್ ವಾಂತಿ ಮಾಡ್ತಾವ್ನೆ. ಈಗ್ಲೇ ಬರ್ಬೇಕು.”

ಟೈಗರ್ ಅಂದಮೇಲೆ ಕತ್ತೆಯಷ್ಟೆತ್ತರದ ಆಲ್ಸೇಷಿಯನ್ನೇ ಇರಬೇಕು ಅಂದುಕೊಂಡು, ಬಾಯಿ ಕಟ್ಟುವ ಹಗ್ಗ, ದಪ್ಪ ಕೈಗವಸು ಎಲ್ಲ ಬೈಕಿನ ಪೆಟ್ಟಿಗೆಗೆ ತುಂಬಿಕೊಂಡು ಹೋದೆ. ಕೊಬ್ಬರಿ ಮಂಡಿಯ ಗಾದಿಯ ಮೇಲೆ, ಸಾಹುಕಾರರ ಪಕ್ಕದಲ್ಲಿ, ಒಂದು ಸಿಹಿಗುಂಬಳಕಾಯಿಗೆ ನಾಲ್ಕು ಕಾಲು ಚುಚ್ಚಿದ ಹಾಗೆ ಮಲಗಿತ್ತು ಟೈಗರ್. ಬಿಳಿ, ಕಪ್ಪು, ಕಂದು ಮೂರು ಬಣ್ಣ. ಕೆನ್ನೆ ದಾಟಿ ಜೋತುಬಿದ್ದ ಕಿವಿ. ಬಾಲದ ತುದಿ ಮಾತ್ರ ಸುಣ್ಣದಲ್ಲಿ ಅದ್ದಿದಷ್ಟು ಬಿಳಿ. ನನ್ನನ್ನು ಕಂಡದ್ದೇ ಎದ್ದು ಬಂದು ಹಗ್ಗವನ್ನು ಮೂಸಿ, ಕೈಗವಸನ್ನು ನೆಕ್ಕಿ, ನನ್ನ ಪ್ಯಾಂಟಿನ ಜೇಬಿಗೆ ಮೂಗು ತೂರಿಸಿದ.

ಬೀಗಲ್. ಪುಸ್ತಕದ ಚಿತ್ರ ಬಿಟ್ಟರೆ ಆ ಜಾತಿಯನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಅದನ್ನು ತೋರಿಸಿಕೊಳ್ಳದೆ, ಹುಟ್ಟಿದಾಗಿನಿಂದ ಬೀಗಲ್‌ಗಳ ನಡುವೆಯೇ ಬೆಳೆದವನ ಹಾಗೆ “ಹೂಂ, ಬೀಗಲ್” ಅಂದೆ.

“ಬೆಂಗ್ಳೂರಿಂದ ತಂದಿದ್ದು ಕಣ್ರೀ. ಬೇಟೆ ನಾಯಿ, ಗೋಡೌನು ಕಾಯಕ್ಕೆ ಇದಕ್ಕಿಂತ ಇಲ್ಲ ಅಂದ ಮಾರಿದವ್ನು. ಬೆಳೀತದೆ ಅಂತಾನೂ ಅಂದ.”

“ಬೆಳ್ದಿದೆಯಲ್ಲ.”

“ಅಡ್ಡಕ್ಕೆ ಬೆಳೀತು ಕಣ್ರೀ, ಉದ್ದಕ್ಕೆ ಬೆಳೀಲಿಲ್ಲ!”

ಹಿಂದಿನ ತಿಂಗಳು ಟೈಗರ್, ಗೋಡೌನಿಗೆ ನುಗ್ಗಲು ಬಂದ ಕಳ್ಳನೊಬ್ಬನ ಬೆನ್ನಿಗೆ ಬಿದ್ದು, ಅವನ ಕೈಯಿಂದ ಬನ್ನು ತಿಂದು, ರೈಲ್ವೆ ಗೇಟಿನ ತನಕ ಕಳಿಸಿ ಬಂದಿದ್ದನಂತೆ. ಊರೆಲ್ಲ ನಕ್ಕಿತ್ತು. ನಾನೂ ನಕ್ಕೆ. ವಾಂತಿಗೆ ಒಂದು ಇಂಜೆಕ್ಷನ್, ಜಂತುಹುಳಕ್ಕೆ ಮಾತ್ರೆ, ಒಂದು ದಿನ ಉಪವಾಸ. ಎರಡನೇ ದಿನಕ್ಕೆ ಟೈಗರ್ ಚೇತರಿಸಿಕೊಂಡ. ಬೀಗಲ್ ತಜ್ಞನೆಂಬ ಹೆಸರು ನನಗೆ ಅಷ್ಟರಲ್ಲೇ ಬಂದುಬಿಟ್ಟಿತು. ನಾನೂ ಬೇಡ ಅನ್ನಲಿಲ್ಲ.

ಅರ್ಧ ತಿಂಗಳೂ ಆಗಿರಲಿಲ್ಲ, ಮತ್ತೆ ಫೋನು. ಮತ್ತೆ ವಾಂತಿ. ಈ ಸಲ ನಾನು ತಕ್ಷಣ ಸಿರಿಂಜು ತೆಗೆಯದೆ ಮಂಡಿಯಲ್ಲಿ ಒಂದು ಮೂಲೆಯಲ್ಲಿ ಕೂತು ನೋಡಿದೆ. ನೋಡುತ್ತ ನೋಡುತ್ತ ನನ್ನ ನೆತ್ತಿ ಕಾಯತೊಡಗಿತು.

ಕೊಬ್ಬರಿ ಮಾರಲು ಬಂದವರಿಗೆ ಒಂದು ಚೂರು ಕೊಬ್ಬರಿ, ಒಂದು ಅಚ್ಚು ಬೆಲ್ಲ ಕೊಡುವುದು ಆ ಮಂಡಿಯ ಮರ್ಯಾದೆ. ಮಾದರಿಗೆಂದು ಕತ್ತರಿಸಿದ ಉಂಡೆ ಕೊಬ್ಬರಿಯ ತಟ್ಟೆ ಗಾದಿಯ ಪಕ್ಕದಲ್ಲೇ. ಕಣಕಟ್ಟೆಯಿಂದ ಮೂಟೆ ತಂದವರು ಒಂದು ಚೂರು ತಿಂದು ಇನ್ನೊಂದನ್ನು ಟೈಗರನಿಗೆ ಎಸೆದರು. ದಲ್ಲಾಳಿ ಎಸೆದ. ಹಮಾಲಿಗಳು ಎಸೆದರು. ಟೈಗರನ ಕಲೆಯೋ, ಅದನ್ನು ಅಣಕಿಸಲು ನನ್ನ ಕೈಯಲ್ಲೂ ಆಗುವುದಿಲ್ಲ. ಎದುರಿಗೆ ಬಂದು ಕೂರುವುದು, ತಲೆಯನ್ನು ಒಂದು ಬದಿಗೆ ವಾಲಿಸುವುದು, ಹೆತ್ತವರನ್ನು ಈಗಷ್ಟೇ ಕಳೆದುಕೊಂಡ ಹಾಗೆ ನೋಡುವುದು. ತಿಂದಾದ ಮೇಲೆ ಮುಂದಿನವರ ಎದುರು ಅದೇ ಕಣ್ಣು.

“ಯಾರ್ರೀ ಇದಕ್ಕೆ ಕೊಬ್ಬರಿ ಹಾಕ್ತಿರೋದು?” ಅಂತ ಎದ್ದು ಕೂಗಿದೆ.

“ಒಂದೇ ಒಂದು ಚೂರು ಸಾ,” ಅಂದ ಹಮಾಲಿ.

“ನಂದೂ ಒಂದೇ,” ಅಂದ ದಲ್ಲಾಳಿ.

“ತಿನ್ನೋ ಮನೆ ಕಣ್ರೀ ಇದು,” ಅಂದರು ಸಾಹುಕಾರರು. “ಮೂಕಪ್ರಾಣಿ. ಬಾಯ್ಬಿಟ್ಟು ಕೇಳ್ತದೆಯೇ?”

“ಕೇಳೋದು ಬಿಟ್ಟು ಇನ್ನೇನು ಮಾಡ್ತಾ ಇದೆ ಅದು?”

ಟೈಗರನನ್ನು ಗೋಣಿಚೀಲದಲ್ಲಿ ಕೂರಿಸಿ ಕೊಬ್ಬರಿ ತೂಗುವ ತಕ್ಕಡಿಗೇ ಹಾಕಿಸಿದೆ. ಹನ್ನೆರಡು ಕೆ.ಜಿ.ಯ ಆಸುಪಾಸು ಇರಬೇಕಾದ ನಾಯಿ ಇಪ್ಪತ್ತನ್ನು ದಾಟಿತ್ತು. ದಲ್ಲಾಳಿ ಚಪ್ಪಾಳೆ ತಟ್ಟಿದ. ನಾನು ಹಲ್ಲು ಕಚ್ಚಿಕೊಂಡೆ.

ಹೊಟ್ಟೆ ಮುಟ್ಟಿದರೆ ಬಿಗಿಹಿಡಿಯುತ್ತಿದ್ದ. ನನಗೆ ಅನುಮಾನ ಬಂದಿದ್ದು ಮೇದೋಜೀರಕ ಗ್ರಂಥಿಯ ಮೇಲೆ. ಕೊಬ್ಬನ್ನು ಅರಗಿಸುವ ರಸ ಮಾಡುವ ಗ್ರಂಥಿ ಅದು. ಕೊಬ್ಬು ಅತಿಯಾದರೆ ಕೆರಳಿ ಊದಿಕೊಂಡು, ತನ್ನ ರಸದಿಂದ ತನ್ನನ್ನೇ ಸುಟ್ಟುಕೊಳ್ಳಲು ಶುರುಮಾಡುತ್ತದೆ. ಮಿತಿಯೇ ತಿಳಿಯದ ಬೀಗಲ್‌ಗೆ, ಹಿಂಡಿದರೆ ಎಣ್ಣೆ ಬರುವ ಕೊಬ್ಬರಿ! ರಕ್ತ ತೆಗೆದು, ಅದರ ತಿಳಿದ್ರವವನ್ನು ಬೇರ್ಪಡಿಸಿ, ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ಬೆಂಗಳೂರಿಗೆ ಹೊರಟಿದ್ದ ಗೆಳೆಯನ ಕೈಲಿ ರೈಲಿಗೆ ಹತ್ತಿಸಿದೆ. ಲ್ಯಾಬಿನವರು ಮಾರನೆಯ ದಿನ ಫೋನಿನಲ್ಲಿ ಹೇಳಿದ್ದು ನನ್ನ ಅನುಮಾನವನ್ನೇ.

ಸಾಹುಕಾರರ ಎದುರು ಕೂತು ಬಿಡಿಸಿ ಹೇಳಿದೆ. ಇನ್ನೊಂದು ಸಲ ಇದು ಕೆರಳಿದರೆ ನಾಯಿ ಉಳಿಯುವುದು ಕಷ್ಟ. ಕೊಬ್ಬರಿ, ಬೆಣ್ಣೆ, ಎಣ್ಣೆ ತಾಗಿದ್ದು ಒಂದು ಚೂರೂ ಕೂಡದು. ಅವರು ನಿಜಕ್ಕೂ ಹೆದರಿದರು. ‘ನಾಯಿಗೆ ಕೊಬ್ಬರಿ ಹಾಕಬಾರದು’ ಅಂತ ಮಂಡಿಯಲ್ಲಿ ಬೋರ್ಡು ಬರೆಸಿದರು. ಟೈಗರನನ್ನು ಮಂಡಿಯಿಂದಲೇ ಎಬ್ಬಿಸಿ ಹಿಂಬದಿಯಲ್ಲಿದ್ದ ತಮ್ಮ ಮನೆಗೆ, ತಮ್ಮ ತಾಯಿಯ ಸುಪರ್ದಿಗೆ ಕಳಿಸಿದರು.

ಆಮೇಲಿನ ದಿನಗಳಲ್ಲಿ ಅರಸೀಕೆರೆಗೆ ಹೋದಾಗಲೆಲ್ಲ ನಾನೇ ಅವನನ್ನು ನಡೆಸಲು ಕರೆದೊಯ್ಯುತ್ತಿದ್ದೆ. ನಡೆಸಲು ಅನ್ನುವುದು ಮಾತಿಗೆ. ಊರಾಚೆಯ ತೆಂಗಿನ ತೋಟದಲ್ಲಿ ಒಂದು ಮೊಲವೋ ಮುಂಗುಸಿಯೋ ಹಾದುಹೋದ ವಾಸನೆ ಸಿಕ್ಕಿತೆಂದರೆ ಮೂಗು ನೆಲಕ್ಕೆ ಅಂಟುತ್ತಿತ್ತು, ಕಿವಿ ಮುಚ್ಚಿಹೋಗುತ್ತಿತ್ತು. ಹೆಸರು ಕರೆದರೂ ಇಲ್ಲ, ಬೈದರೂ ಇಲ್ಲ. ಒಂದು ಸಲ ನನ್ನನ್ನು ಎಳೆದುಕೊಂಡು ಹೋಗಿ ನೆನೆದ ತೆಂಗಿನ ಸಿಪ್ಪೆಯ ರಾಶಿಯೊಳಗೆ ಸೊಂಟದ ತನಕ ಹೂತುಬಿಟ್ಟ. ಗುಂಪಿನಲ್ಲಿ ಮೊಲ ಅಟ್ಟಲೆಂದು ಇಂಗ್ಲೆಂಡಿನವರು ತಲೆತಲಾಂತರ ಸಾಕಿದ ಜಾತಿ. ಎತ್ತರದ ಹುಲ್ಲಿನಲ್ಲಿ ನಾಯಿ ಎಲ್ಲಿದೆ ಅಂತ ಬೇಟೆಗಾರನಿಗೆ ಕಾಣಲಿ ಅಂತಲೇ ಆ ಬಾಲದ ಬಿಳಿ ತುದಿ. ದೂರಕ್ಕೆ ಕೇಳಲಿ ಅಂತಲೇ ಆ ದನಿ. ಬೊಗಳುವುದಲ್ಲ ಅದು, ಗಂಟಲನ್ನು ಆಕಾಶಕ್ಕೆ ಎತ್ತಿ ಊಳಿಡುವುದು. ಜಂಕ್ಷನ್ನಿಗೆ ಬರುವ ಪ್ರತಿ ರೈಲಿಗೂ ಟೈಗರ್ ಉತ್ತರ ಕೊಡುತ್ತಿದ್ದ. ಆ ದನಿಯನ್ನು ನಾನು ಪಟ್ಟುಹಿಡಿದು ಕಲಿತೆ. ನಾನು ಊಳಿಟ್ಟರೆ ಅವನೂ ಊಳಿಡುವನು. ತೋಟದ ಕಾವಲಿನವನು ಒಂದು ದಿನ, “ಸಾ, ಎಲ್ಡ್ರಲ್ಲಿ ಯಾವ್ದುಕ್ಕೆ ಹುಚ್ಚು ಹಿಡ್ದಿರೋದು?” ಅಂತ ಕೇಳಿದ.

ಒಂಟಿಯಾಗಿ ಇರಲಾರದ, ಯಾರನ್ನೂ ಅನುಮಾನಿಸದ, ಹೊಟ್ಟೆ ತುಂಬಿತು ಅನ್ನುವುದೇ ಗೊತ್ತಿಲ್ಲದ ಪ್ರಾಣಿ. ಕಾವಲಿಗೆ ಬಾರದವನು ಅಂತ ಅವನನ್ನು ನೋಡಿ ನಕ್ಕಿದ್ದೆವು. ತಿನ್ನಿಸುವ ಇಷ್ಟೊಂದು ಕೈಗಳಿರುವ ಮನೆಯಲ್ಲಿ ಅವನನ್ನು ಕಾಯುವವರು ಯಾರು ಅಂತ ಯಾರೂ ಕೇಳಿರಲಿಲ್ಲ.

ಆದರೆ ಟೈಗರನ ತೂಕ ಇಳಿಯುತ್ತಿರಲಿಲ್ಲ. ಬರಬರುತ್ತ ನಡಿಗೆಯೂ ಮಂದವಾಯಿತು. ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದೆ. “ಯಾರೂ ಏನೂ ತಿನ್ನಿಸ್ತಿಲ್ಲ ಡಾಕ್ಟ್ರೇ,” ಅಂತ ಸಾಹುಕಾರರು ಗಂಟಲು ಮುಟ್ಟಿಕೊಂಡರು. ಸಾಹುಕಾರರ ತಾಯಿ, ಆ ಮನೆಯ ಅಜ್ಜಿ, ದೇವರ ಮನೆಯ ಕಡೆ ಕೈ ತೋರಿಸಿ, “ಅವ್ನಾಣೆಗೂ ಇಲ್ಲ ಮಗಾ,” ಅಂದರು. ಅಜ್ಜಿ ಸುಳ್ಳು ಹೇಳುವವರಲ್ಲ. ಹಾಗಾದರೆ ನನ್ನ ಔಷಧವೇ ತಪ್ಪೇ? ಲ್ಯಾಬಿನವರು ತಪ್ಪೇ? ಪುಸ್ತಕ ತಿರುವಿ ಹಾಕಿ ತಲೆ ಕೆಡಿಸಿಕೊಂಡೆ.

ಆಗ ಬಂತು ಸಾಹುಕಾರರ ಮೂರನೇ ಫೋನು. ದನಿಯಲ್ಲಿ ಹಿಗ್ಗು.

“ಸೋಮವಾರ ಬೆಳಿಗ್ಗೆ ಬಂದುಬಿಡಿ ಡಾಕ್ಟ್ರೇ. ಕಾಯಿಲೆಗಲ್ಲ. ಟೈಗರ್ ಒಂದು ಚಮತ್ಕಾರ ಮಾಡ್ತಾವ್ನೆ, ನೀವೇ ನೋಡಿ. ತಿಂಡಿನೂ ಇಲ್ಲೇ.”

ಹೋದೆ. ಮನೆಯ ಮುಂದೆ ಚಪ್ಪಲಿಗಳ ಗುಡ್ಡೆ. ಬೇಲೂರಿನಿಂದ ಸಾಹುಕಾರರ ಬೀಗರು ವ್ಯಾನು ಮಾಡಿಕೊಂಡು ಬಂದಿದ್ದರು. ನಡುಮನೆಯಲ್ಲಿ ಎಲ್ಲರೂ ಕೈಮುಗಿದು ದೇವರ ಮನೆಯತ್ತ ನೋಡುತ್ತಿದ್ದರು. ಒಳಗೆ ಅಜ್ಜಿಯ ಪೂಜೆ ನಡೆದಿತ್ತು. ಹೊಸ್ತಿಲಿನ ಎದುರು ಟೈಗರ್.

ಮುಂಗಾಲೆರಡನ್ನೂ ನೆಲಕ್ಕೆ ಚಾಚಿ, ಎದೆಯನ್ನು ನೆಲಕ್ಕೆ ಒತ್ತಿ, ಹಿಂಭಾಗವನ್ನು ಮಾತ್ರ ಮೇಲೆತ್ತಿ ನಿಂತಿದ್ದ. ಅಲುಗಾಡದೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ.

“ನೋಡ್ರೇ, ನೋಡ್ರೇ,” ಅಂತ ಬೀಗರ ಕಡೆಯ ಹೆಂಗಸು ಪಿಸುಗುಟ್ಟಿದರು. “ದಿನಾ ಹಿಂಗೇ ನಮಸ್ಕಾರ ಹಾಕ್ತಾನಂತೆ!”

“ನಮ್ಮ ಹಳೇಬೀಡಿನ ಬಸವಣ್ಣ ಶಿವನ್ನ ನೋಡ್ಕೊಂಡು ಕೂತಂಗೆ ಇಲ್ವಾ?” ಅಂದರು ಅಜ್ಜಿ, ಕಣ್ಣಲ್ಲಿ ನೀರು ತುಂಬಿಕೊಂಡು. ನೈವೇದ್ಯಕ್ಕಿಟ್ಟಿದ್ದ ಒಣ ಕೊಬ್ಬರಿಯ ಗಿಟುಕಿನಿಂದ ದೊಡ್ಡ ಚೂರು ಮುರಿದು ಮೊದಲು ಟೈಗರನ ಬಾಯಿಗೆ ಇಟ್ಟರು. ಆ ಸ್ಥಿತಿಯಲ್ಲೂ ಅವನು ನುಂಗಿದ. ಬೀಗಲ್ ತಾನೆ. ಬೀಗರೂ ಸಾಲಾಗಿ ಬಂದು ತಮ್ಮ ತಮ್ಮ ಪಾಲಿನ ಪ್ರಸಾದದಲ್ಲಿ ಒಂದೊಂದು ಚೂರು ಕೊಟ್ಟರು.

ಆ ಭಂಗಿಯ ಚಿತ್ರ ನನ್ನ ಪುಸ್ತಕದಲ್ಲಿತ್ತು. ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವಿದ್ದಾಗ, ಆ ಜಾಗಕ್ಕೆ ಒಂದಿಷ್ಟು ಬಿಡುವು ಸಿಗಲಿ ಅಂತ ನಾಯಿ ಹಾಗೆ ನಿಲ್ಲುತ್ತದೆ. ನೋವಾದಾಗ ಅವನು ಹಾಗೆ ಬಾಗಿದ್ದ. ಬಾಗಿದ್ದಕ್ಕೆ ಇವರು ಕೊಬ್ಬರಿ ಕೊಟ್ಟರು. ಕೊಬ್ಬರಿ ತಿಂದದ್ದಕ್ಕೆ ನೋವು ಹೆಚ್ಚಿತು, ಮತ್ತೆ ಬಾಗಿದ. ಈಗ ವ್ಯಾನು ಮಾಡಿಕೊಂಡು ನೋಡಲು ಬಂದಿದ್ದಾರೆ!

“ನಿಲ್ಸಿ!” ಅಂತ ಕಿರುಚಿದೆ. “ಯಾರೂ ತಿನ್ನಿಸ್ತಿಲ್ಲ ಅಂದ್ರಲ್ಲ? ಆಣೆ ಬೇರೆ ಇಟ್ರಲ್ಲ?”

ಅಜ್ಜಿ ನಿಜಕ್ಕೂ ಆಶ್ಚರ್ಯದಿಂದ ನನ್ನತ್ತ ನೋಡಿದರು. “ತಿನ್ನಿಸಿದ್ದೆಲ್ಲಿ ಬಂತಪ್ಪಾ? ಇದು ಪ್ರಸಾದ.”

“ಹೊಟ್ಟೆಗೆ ಗೊತ್ತಾಗುತ್ತಾ ಅದು ಪ್ರಸಾದ ಅಂತ? ಇದು ನಮಸ್ಕಾರ ಅಲ್ಲ ಅಜ್ಜಿ, ನೋವು! ನೀವೆಲ್ಲ ಸೇರಿ ಕೈಮುಗಿದು ಕೊಲ್ತಾ ಇದೀರಿ ಅದನ್ನ! ಒಬ್ಬರಿಗಾದ್ರೂ ಬುದ್ಧಿ ಬೇಡ್ವೇನ್ರೀ?”

ಸಾಹುಕಾರರು ಎಲೆಅಡಿಕೆಯನ್ನು ಇನ್ನೊಂದು ಕೆನ್ನೆಗೆ ದಾಟಿಸಿಕೊಂಡರು.

“ಡಾಕ್ಟ್ರೇ, ನಾಲಿಗೆ ಬಿಗಿ ಹಿಡೀರಿ. ಅವ್ವನ ಪೂಜೆ ಹೊತ್ನಲ್ಲಿ ಸಾವಿನ ಮಾತು ಆಡ್ತೀರಲ್ಲ. ದಯವಿಟ್ಟು ಹೊರಡಿ.”

ಹೊರಟೆ. ಸಿಟ್ಟಿನಲ್ಲಿ ಇನ್ನೊಬ್ಬರ ಚಪ್ಪಲಿ ಮೆಟ್ಟಿಕೊಂಡು ಬೈಕಿನ ತನಕ ಹೋಗಿ, ಅದನ್ನು ಬಿಡಲು ವಾಪಸು ಬಂದೆ. ಅಷ್ಟು ಗಾಂಭೀರ್ಯದಿಂದ ಹೊರನಡೆದವನು ಹೀಗೆ ಚಪ್ಪಲಿ ಬದಲಾಯಿಸುತ್ತ ನಿಲ್ಲಬೇಕಾಯಿತಲ್ಲ ಅಂತ ನನ್ನ ಮೇಲೇ ರೇಗುತ್ತಿದ್ದಾಗ ಒಳಗಿಂದ ಟೈಗರನ ದನಿ ಕೇಳಿತು. ಊಳಿಡಲು ಹೋಗಿ ಅರ್ಧಕ್ಕೇ ಮುರಿದ ದನಿ. ಆ ದನಿಯನ್ನು ತಿಂಗಳುಗಟ್ಟಲೆ ಕಲಿತವನು ನಾನು. ಅದು ಎಲ್ಲಿ, ಯಾಕೆ ಮುರಿಯಿತು ಅಂತ ನನ್ನ ಗಂಟಲಿಗೇ ಗೊತ್ತಾಯಿತು.

ಹೋಗಿಬಿಡಬಹುದಿತ್ತು. ಹೇಳಿದೆ, ಕೇಳಲಿಲ್ಲ, ಮನೆಯವರೇ ಹೊರಗೆ ಕಳಿಸಿದರು. ಯಾರೂ ನನ್ನದು ತಪ್ಪು ಅನ್ನುತ್ತಿರಲಿಲ್ಲ. ಆದರೆ ಕೂಗಾಡಿ ಹೇಳಿದ್ದರಿಂದ ಏನೂ ಆಗಿರಲಿಲ್ಲವಲ್ಲ. ಗಂಡಸಿಯಲ್ಲಿ ದಿನವೂ ಮಾಡುತ್ತಿದ್ದದ್ದನ್ನು ಇಲ್ಲಿ ಯಾಕೆ ಮಾಡಲಿಲ್ಲ? ಇದು ಸಾಹುಕಾರರ ಮನೆ, ನಾನು ಬೀಗಲ್ ತಜ್ಞ, ಅದಕ್ಕೇ ತಾನೆ?

ಬ್ಯಾಗು ಹಿಡಿದು ಒಳಗೆ ಹೋದೆ. ಯಾರಾದರೂ ಏನಾದರೂ ಅನ್ನುವ ಮೊದಲೇ ಅಜ್ಜಿಯ ಮುಂದೆ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ, ನಾಲ್ಕು ಕಾಲಿಗೆ ಬಂದೆ.

“ಅಜ್ಜಿ, ಇಲ್ನೋಡಿ. ಇದು ಆಟಕ್ಕೆ ಕರೆಯೋ ನಾಯಿ.” ಕೈಗಳನ್ನು ಮುಂದೆ ಚಾಚಿದೆ, ಎದೆ ಇಳಿಸಿದೆ, ಸೊಂಟ ಎತ್ತಿ ಆ ಕಡೆ ಈ ಕಡೆ ಆಡಿಸಿದೆ, ಬಾಯಿ ಅಗಲಿಸಿ ನಾಲಿಗೆ ಇಳಿಬಿಟ್ಟೆ, ಒಂದು ಕ್ಷಣವೂ ನಿಲ್ಲದೆ ಜಿಗಿದೆ. ಬೀಗರ ಕಡೆ ಯಾರೋ ಕಿಸಕ್ಕನೆ ನಕ್ಕರು.

“ಇದು ನಿಮ್ ಟೈಗರ್.” ಅದೇ ಭಂಗಿ. ಈ ಸಲ ಹೊಟ್ಟೆಯನ್ನು ಹಲಗೆಯಂತೆ ಬಿಗಿದೆ. ಬೆನ್ನು ಗೂನಾಯಿತು. ತೊಡೆ ಸಣ್ಣಗೆ ನಡುಗಿತು. ಉಸಿರನ್ನು ತುಂಡು ತುಂಡಾಗಿ ಎಳೆದುಕೊಂಡೆ. ಕಣ್ಣನ್ನು ಎಲ್ಲೂ ನೆಡದೆ ಖಾಲಿ ಬಿಟ್ಟೆ. ಆಮೇಲೆ ಟೈಗರನ ಆ ಮುರಿದ ದನಿ ತೆಗೆದೆ.

ಪಕ್ಕದಲ್ಲಿದ್ದ ಟೈಗರ್ ತಲೆಯೆತ್ತಿ ಉತ್ತರ ಕೊಡಲು ನೋಡಿದ. ಅದೇ ದನಿ ಬಂತು.

ಈ ಸಲ ಯಾರೂ ನಗಲಿಲ್ಲ. ಅಜ್ಜಿ ಒಮ್ಮೆ ನನ್ನ ತೊಡೆ ನೋಡಿದರು, ಒಮ್ಮೆ ಟೈಗರನ ತೊಡೆ ನೋಡಿದರು. ಆಮೇಲೆ ನಿಧಾನಕ್ಕೆ ನೆಲಕ್ಕೆ ಕೂತು ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಅವನು ಮುಲುಗಿದ. ಅಜ್ಜಿ ಕೈ ತೆಗೆದುಬಿಟ್ಟರು.

“ಹೊಟ್ಟೆಲಿ ಕಲ್ಲಾಗಿದ್ದಾಗ ನಾನೂ ಹಿಂಗೇ ಬೋರಲು ಬಿದ್ಕೊತಿದ್ದೆ,” ಅಂದರು. “ಅಯ್ಯೋ ಶಿವನೇ. ನಾನು ವಿಭೂತಿ ಹಚ್ತಾ ಕೂತಿದ್ನಲ್ಲೋ.”

ಸಾಹುಕಾರರು ಬಾಯಲ್ಲಿದ್ದದ್ದನ್ನು ಉಗುಳಲು ಹೊರಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಮುಂದಿನ ಕೆಲಸಕ್ಕೆ ಅಣಕು ಬೇಕಿರಲಿಲ್ಲ. ಜ್ವರವಿತ್ತು. ಒಸಡು ಅಂಟಂಟಾಗಿ ಬಿಳಚಿತ್ತು. ಕತ್ತಿನ ಚರ್ಮ ಎತ್ತಿ ಬಿಟ್ಟರೆ ಇಳಿಯದೆ ಹಾಗೇ ನಿಲ್ಲುತ್ತಿತ್ತು, ಮೈಯಲ್ಲಿ ನೀರಿಲ್ಲ. ಮುಂಗಾಲಿನ ಕೂದಲು ಬೋಳಿಸಿ ನರ ಹುಡುಕಿದೆ. ಕೊಬ್ಬಿನಡಿ ನರವೇ ಸಿಗದು. ಮೊದಲ ಸೂಜಿ ತಪ್ಪಿತು, ಎರಡನೆಯದೂ ತಪ್ಪಿತು. ಮನಸ್ಸಿನಲ್ಲೇ ಮಂಡಿಯ ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈದೆ. ಇನ್ನೊಂದು ಕಾಲಿನಲ್ಲಿ ಸಿಕ್ಕಿತು. ಸಲೈನ್ ಬಾಟಲಿಯನ್ನು ತೂಗುಹಾಕಲು ಜಾಗವಿಲ್ಲ. ಅಜ್ಜಿ ದೇವರ ಮನೆಯ ಬಾಗಿಲಿನ ಗಂಟೆಯನ್ನು ತಾವೇ ಬಿಚ್ಚಿ ಕೆಳಗಿಟ್ಟು, ಆ ಕೊಕ್ಕೆ ತೋರಿಸಿದರು. ನೋವಿಗೊಂದು, ವಾಂತಿಗೊಂದು ಇಂಜೆಕ್ಷನ್. ಬಾಯಿಗೆ ನೀರೂ ಇಲ್ಲ.

ಎರಡು ದಿನ ಅವನು ಯಾವ ಕಡೆ ಹೋಗುತ್ತಾನೋ ಗೊತ್ತಿರಲಿಲ್ಲ. ಗಂಡಸಿಗೂ ಅರಸೀಕೆರೆಗೂ ಓಡಾಡಿದೆ. ರೈಲು ಬಂದಾಗಲೆಲ್ಲ ಮನೆಯವರು ಮಾತು ನಿಲ್ಲಿಸಿ ಅವನತ್ತ ನೋಡುತ್ತಿದ್ದರು. ಅವನು ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಬೀಗರಲ್ಲಿ ಒಬ್ಬರು, “ಪ್ರಸಾದ ಬೇಡ ಅಂದಿದ್ದಕ್ಕೇ ಹಿಂಗಾಗಿರ್ಬೇಕು,” ಅಂತ ಬೇಲೂರಿನಿಂದ ಫೋನು ಮಾಡಿ ಹೇಳಿದರಂತೆ. ಅವರ ವಿಳಾಸ ಕೇಳಿದೆ. ಸಾಹುಕಾರರು ಕೊಡಲಿಲ್ಲ, ಒಳ್ಳೆಯದೇ ಆಯಿತು.

ಮೂರನೆಯ ದಿನ ಬೈಕು ನಿಲ್ಲಿಸುತ್ತಿದ್ದಾಗ ಶಿವಮೊಗ್ಗದ ಕಡೆಯ ರೈಲು ಕೂಗಿತು. ಒಳಗಿಂದ ತೆಳ್ಳಗೆ, ಅಲುಗಾಡುತ್ತ, ಆದರೆ ಮುರಿಯದೆ, ಉತ್ತರ ಬಂತು. ನಾನು ಹೆಲ್ಮೆಟ್ ತೆಗೆಯದೆ ಅಲ್ಲೇ ನಿಂತು ಕೇಳಿದೆ.

ಅನ್ನದ ಗಂಜಿ, ನಾಲ್ಕು ಚಮಚದಷ್ಟು. ಆಮೇಲೆ ಇನ್ನಷ್ಟು. ಬೇಯಿಸಿದ ಬೀನ್ಸು, ಸೌತೆಕಾಯಿ. ತಿನ್ನಿಸುವುದು ಒಂದೇ ಕೈ, ಸಾಹುಕಾರರ ಹೆಂಡತಿಯ ಕೈ. ಎಲ್ಲ ಒಪ್ಪಿದ ಮೇಲೆ ಅಜ್ಜಿ ಕೇಳಿದರು:

“ನೈವೇದ್ಯಕ್ಕೆ ಇಟ್ಟಿದ್ನ ಅವ್ನಿಗೆ ಕೊಡ್ದೆ ನಾನು ಹೆಂಗೋ ತಿನ್ಲಿ? ಎದುರಿಗೇ ಕೂತಿರ್ತಾನೆ.”

“ನೈವೇದ್ಯಕ್ಕೂ ಸೌತೆಕಾಯಿನೇ ಇಡಿ ಅಜ್ಜಿ.”

“ಏನು? ನನ್ ಶಿವನಿಗೇ ಪಥ್ಯ ಹೇಳ್ತೀಯೇನೋ?” ಅಜ್ಜಿಯ ಕಣ್ಣು ಕೆಂಪಗಾಯಿತು. “ಕೊಬ್ಬರಿ ಮಂಡಿ ಮನೇಲಿ ದೇವ್ರಿಗೆ ಸೌತೆಕಾಯಾ?”

“ಶಿವನಿಗೆ ಅಡ್ಡಿಯಿಲ್ಲ ಅಂದ್ಕೊಂಡಿದೀನಿ. ನಿಮಗೆ ಅಡ್ಡಿನಾ?”

ನನ್ನ ಕಾಫಿಗೆ ಅವತ್ತು ಸಕ್ಕರೆ ಬೀಳಲಿಲ್ಲ.

ಅರಸೀಕೆರೆಯ ಡಾಕ್ಟರು ತರಬೇತಿ ಮುಗಿಸಿ ಬಂದರು. ಆ ಮನೆಗೆ ಹೋಗುವ ಕಾರಣ ನನಗೆ ಉಳಿಯಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ದಿನ ಸಾಹುಕಾರರೇ ಕರೆದರು. ಮತ್ತೆ ಚಪ್ಪಲಿಗಳ ಗುಡ್ಡೆ, ಮತ್ತೆ ಬೇಲೂರಿನ ವ್ಯಾನು. ಅಜ್ಜಿಯ ಮೊಮ್ಮಗಳ ನಿಶ್ಚಿತಾರ್ಥದ ಮಾತುಕತೆ ಅಂತೆ. ವ್ಯಾನು ನೋಡಿದ್ದೇ ಹಳೆಯ ಸಿಟ್ಟು ಮತ್ತೆ ಹೊತ್ತಿಕೊಂಡಿತು.

ಒಳಗೆ ಕಾಲಿಟ್ಟೆ. ದೇವರ ಮನೆಯ ತಟ್ಟೆಯಲ್ಲಿ ಸೌತೆಕಾಯಿಯ ಬಿಲ್ಲೆಗಳು. ನಡುಮನೆಯ ಆ ತುದಿಯಲ್ಲಿ ಸೊಂಟ ಕಾಣಿಸುವ ಒಂದು ನಾಯಿ ನನ್ನನ್ನು ಕಂಡು ನಿಂತಿತು. ಮರುಕ್ಷಣ ಮುಂಗಾಲು ಚಾಚಿ, ಎದೆಯನ್ನು ನೆಲಕ್ಕಿಳಿಸಿ, ಹಿಂಭಾಗ ಎತ್ತಿತು.

ನಾನು ಬ್ಯಾಗು ತೆರೆಯಲು ಹೋದೆ.

“ಅಗೋ, ನಮಸ್ಕಾರ! ಡಾಕ್ಟ್ರಿಗೂ ನಮಸ್ಕಾರ ಹಾಕ್ತಾನೆ ನೋಡ್ರೇ!” ಅಂತ ಬೀಗರ ಕಡೆಯ ಅದೇ ಹೆಂಗಸು ಕೈಯಲ್ಲಿದ್ದ ಕೊಬ್ಬರಿಮಿಠಾಯಿ ಮುರಿಯುತ್ತ ಎದ್ದರು.

ಅಜ್ಜಿ ಅವರ ಮಣಿಕಟ್ಟು ಹಿಡಿದು ಕೂರಿಸಿದರು.

“ನಮಸ್ಕಾರ ಅಲ್ಲ ಕಣೇ. ಬಾಲ ನೋಡು, ಹೆಂಗೆ ಆಡ್ತೈತೆ. ಆಟಕ್ಕೆ ಕರೀತಾವ್ನೆ.” ಆಮೇಲೆ ನನ್ನತ್ತ ತಿರುಗಿ ಗದರಿದರು: “ಏನ್ ನೋಡ್ತಾ ನಿಂತಿದೀಯೋ ಡಾಕ್ಟ್ರೇ? ಕರೀತಿರೋದು ನಿನ್ನ.”

ಬಿಳಿ ತುದಿಯ ಬಾಲ ಆ ಕಡೆ ಈ ಕಡೆ ಹೊಡೆದುಕೊಳ್ಳುತ್ತಿತ್ತು. ಬೀಗರೆಲ್ಲ ನೋಡುತ್ತಿದ್ದಂತೆ ಬ್ಯಾಗು ಕೆಳಗಿಟ್ಟು, ನಾನು ನಾಲ್ಕು ಕಾಲಿಗೆ ಬಂದೆ.